ಡಾನ್ ಕಲೋಜೆರೊನ ಅಂಜೂರದ ಮರ

ಬಹಳ ಬಹಳ ಹಿಂದೆ, ನನ್ನ ಅಜ್ಜಿಯ ಅಜ್ಜಿ ಇನ್ನೂ ಜಡೆ ಹಾಕಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಇಟಲಿ ದೇಶದ ಒಂದು ಹಳ್ಳಿಯಲ್ಲಿ ಕಲೋಜೆರೊ ಎಂಬ ಹುಡುಗನಿದ್ದನಂತೆ. ಹೊಟ್ಟೆಪಾಡಿಗೆ ಅಮೆರಿಕದ ಹಡಗು ಹತ್ತುವಾಗ ಅವನ ತಾಯಿ ಹಿತ್ತಲಿನ ಅಂಜೂರದ ಕೊಂಬೆ ಕಡಿದು, ಒದ್ದೆ ಬಟ್ಟೆ ಸುತ್ತಿ, ಅವನ ಕೋಟಿನೊಳಗೆ ಇಟ್ಟಳಂತೆ. ಇದು ಬದುಕಿರುವವರೆಗೆ ನಾನೂ ನಿನ್ನ ಜೊತೆ ಇರುತ್ತೇನೆ ಅಂದಳಂತೆ.

ಕೊಂಬೆ ನಮ್ಮ ಈ ಬಂದರಿನ ಬೀದಿಯಲ್ಲಿ ಬೇರು ಬಿಟ್ಟಿತು. ಕಲೋಜೆರೊನೂ ಬಿಟ್ಟ. ಮೊದಲು ಹಡಗಿನ ಮೂಟೆ ಹೊತ್ತ, ಆಮೇಲೆ ಮೂಟೆ ಹೊರುವವರ ತಲೆ ಮೇಲೆ ಕೂತ, ಆಮೇಲೆ ಡಾನ್ ಆದ. ಅವನು ಹೂಂ ಅನ್ನದೆ ಒಂದು ಮೀನಿನ ಬುಟ್ಟಿಯೂ ಇಳಿಯುತ್ತಿರಲಿಲ್ಲವಂತೆ. ಗುಂಡು ಅವನ ಕೋಟಿಗೆ ತಾಗಿ ಉದುರಿಬೀಳುತ್ತಿತ್ತಂತೆ. ನಾನಂತೂ ನಂಬುವುದಿಲ್ಲ. ನಂಬಿದವರೇ ಅವನನ್ನು ಅಷ್ಟು ಎತ್ತರಕ್ಕೆ ಕೂರಿಸಿದ್ದು. ಬೀದಿಯಲ್ಲಿ ಏನೇ ನಡೆಯಲಿ, ಪೊಲೀಸರು ಬಂದರೆ ಜನ ಕಂಡಿಲ್ಲ, ಕೇಳಿಲ್ಲ ಅನ್ನುತ್ತಿದ್ದರಂತೆ.

ನಮ್ಮ ಚಳಿ ಅಂಜೂರಕ್ಕೆ ಆಗದು. ಅದಕ್ಕೇ ಹಿಮ ಬೀಳುವ ಮೊದಲು ಒಂದು ಕಡೆಯ ಬೇರು ಕಡಿದು, ಮರ ಬಗ್ಗಿಸಿ, ಕಂಬಳಿ ಸುತ್ತಿ, ಗುಂಡಿಯಲ್ಲಿ ಮಲಗಿಸಿ ಮಣ್ಣು ಮುಚ್ಚುತ್ತೇವೆ. ಚಳಿ ಕಳೆದ ಮೇಲೆ ಎಬ್ಬಿಸುತ್ತೇವೆ. ಇದು ಒಬ್ಬರ ಕೈಲಾಗುವ ಕೆಲಸವಲ್ಲ. ಒಬ್ಬರು ಮರವನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಮಣ್ಣೆಳೆಯಬೇಕು. ಡಾನ್‌ನ ಮರಕ್ಕಾದರೆ ಇಪ್ಪತ್ತು ಜನ ನಾ ಮುಂದು ತಾ ಮುಂದು ಅಂತ ಓಡಿ ಬರುತ್ತಿದ್ದರಂತೆ.

ಒಂದು ವರ್ಷ ಬ್ರೆಡ್ ಸುಡುವ ನುನ್ಸಿಯೊ, ಎಲ್ಲರಂತೆ ಡಾನ್‌ನ ಕೈಗೆ ಮುತ್ತಿಟ್ಟು ಗೌರವ ತೋರಲು ಒಲ್ಲೆ ಅಂದ. ಹಿಟ್ಟು ನಾದುವ ಕೈ ನನ್ನದು, ಬೇಕಾದರೆ ಅವನೇ ಇದಕ್ಕೆ ಮುತ್ತಿಡಲಿ ಅಂದನಂತೆ. ಮೂರೇ ದಿನದಲ್ಲಿ ಮಾಯವಾದ. ಅದೇ ವಾರ ಡಾನ್‌ನ ಹಿತ್ತಲಲ್ಲಿ ಕಂಬಳಿ ಸುತ್ತಿದ ಉದ್ದನೆಯದೊಂದು ಮಣ್ಣು ಸೇರಿತು.

ನುನ್ಸಿಯೊನ ಹೆಂಡತಿ ಅಸುಂತಾ ಅದು ತನ್ನ ಗಂಡನೇ ಅಂದುಕೊಂಡಳು. ಹಾಡಹಗಲೇ ಗುದ್ದಲಿ ಹಿಡಿದು ನುಗ್ಗಿದಳು. ಚಳಿಗೆ ಕಲ್ಲಾಗಿದ್ದ ನೆಲಕ್ಕೆ ಬ್ರೆಡ್ಡಿನ ಒಲೆಯ ಬಿಸಿಬೂದಿ ಸುರಿದು ಅಗೆದಳು. ಒಂದು ದಿನ ಅಂತಾರೆ, ಮೂರು ದಿನ ಅಂತಾರೆ. ಕಂಬಳಿ ಬಿಚ್ಚಿದರೆ ಬರೀ ಮರ.

ಡಾನ್ ನಕ್ಕ. ಮತ್ತೆ ಮುಚ್ಚಿರೋ ಅಂತ ತನ್ನ ಆಳುಗಳಿಗೆ ಹೇಳಿದ. ಆಗ ಎದುರುಮನೆ ಬಾಗಿಲಲ್ಲಿ ಒಬ್ಬ ತಾಯಿ ನಿಂತು, ಆ ಆಳುಗಳಲ್ಲಿದ್ದ ತನ್ನ ಮಗನ ಹೆಸರು ಹಿಡಿದು, "ಊಟಕ್ಕೆ ಬಾರೋ" ಅಂತ ಕೂಗಿದಳಂತೆ. ಪಕ್ಕದವಳೂ ಕೂಗಿದಳು. ಬೀದಿಯ ತಾಯಂದಿರೆಲ್ಲ ಕೂಗಿದರು. ಪೊಲೀಸರಿಗೆ ಹೆದರದ ಗಂಡಸರು ತಲೆ ತಗ್ಗಿಸಿಕೊಂಡು ಒಬ್ಬೊಬ್ಬರೇ ಮನೆ ಸೇರಿದರು.

ಹಿಮ ಶುರುವಾಯಿತು. ಕಟ್ಟು ಬಿಚ್ಚಿ ಮೇಲೆದ್ದಿದ್ದ ಮರವನ್ನು ಬಗ್ಗಿಸಲು ಡಾನ್ ಒಬ್ಬನೇ ಹೆಗಲು ಕೊಟ್ಟ. ಮರ ಅವನನ್ನು ಕೆಡವಿತು. ಮತ್ತೆ ಕೊಟ್ಟ, ಮತ್ತೆ ಬಿದ್ದ. ಡಾನ್ ಆದ ಮೇಲೆ ಅದುವರೆಗೆ ಯಾರೂ ಅವನನ್ನು ಏಕವಚನದಲ್ಲಿ ಮಾತಾಡಿಸಿರಲಿಲ್ಲ.

"ನಾನು ಹಿಡೀತೀನಿ ಕಲೋಜೆರೊ," ಅಂದಳು ಅಸುಂತಾ. "ನನ್ನ ಗಂಡ ಎಲ್ಲಿದ್ದಾನೆ ಹೇಳು."

ತಾಯಿ ಕೊಟ್ಟ ಮರದ ಕೊಂಬೆಗಳ ಮೇಲೆ ಹಿಮ ಕೂರುವುದನ್ನು ಅವನು ನೋಡಿದ. ಏನೋ ಪಿಸುಗುಟ್ಟಿದ.

"ಗಟ್ಟಿಯಾಗಿ ಹೇಳು."

ಹಳೆಯ ಹಡಗುಕಟ್ಟೆಯ ಮೂರನೇ ಕಂಬದ ಕೆಳಗೆ ಅಂತ ಗಟ್ಟಿಯಾಗಿ ಹೇಳಿದನಂತೆ. ಅವಳು ಕೊಟ್ಟ ಮಾತಿಗೆ ತಪ್ಪಲಿಲ್ಲ. ಅಳುತ್ತಲೇ ಮರ ಒತ್ತಿ ಹಿಡಿದಳು, ಅವನು ಮಣ್ಣೆಳೆದ. ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು.

ಆಮೇಲೆ ನ್ಯಾಯಾಧೀಶರ ಮುಂದೆ ನಲವತ್ತು ಜನ ನಿಂತು, ಅವನು ಹೇಳಿದ್ದನ್ನು ಕಿವಿಯಾರೆ ಕೇಳಿದೆವು ಅಂದರಂತೆ. ನಾನೂರು ಜನ ಅನ್ನುವವರೂ ಇದ್ದಾರೆ, ಇರಲಿ ಬಿಡಿ. ಡಾನ್ ಜೈಲಿನಲ್ಲೇ ಸತ್ತ. ಮರವನ್ನು ಅಸುಂತಾಳೇ ಎಬ್ಬಿಸಿದಳು. ಮರ ಏನು ತಪ್ಪು ಮಾಡಿತ್ತು ಅಂದಳಂತೆ.

ಇವತ್ತಿಗೂ ಅಂಜೂರ ಹೂಳುವ ದಿನ ನಾವು ಹಿತ್ತಲ ಬಾಗಿಲು ಹಾಕುವುದಿಲ್ಲ. ಕಂಬಳಿ ಸುತ್ತುವ ಮೊದಲು ನೆರೆಯವರನ್ನು ಕರೆದು ಒಳಗಿರುವುದು ಮರವೇ ಅಂತ ತೋರಿಸುತ್ತೇವೆ. ಮರ ಹಿಡಿದವರು, ನುನ್ಸಿಯೊ ಎಲ್ಲಿ ಅಂತ ಕೇಳಬೇಕು. ಮೂರನೇ ಕಂಬದ ಕೆಳಗೆ ಅಂತ ಇಡೀ ಬೀದಿ ಗಂಟಲು ಹರಿಯುವ ಹಾಗೆ ಕೂಗಬೇಕು. ಪಿಸುಗುಟ್ಟಿದವರಿಗೆ ಆ ವರ್ಷ ಹಣ್ಣು ಕೊಡುವುದಿಲ್ಲ.