ಏನು ನಿಲ್ಲುತ್ತಿಲ್ಲ?

ಹೊಳೆದಂಡೆಯ ಆಶ್ರಮದಲ್ಲಿ ವೈದ್ಯವಿದ್ಯೆ ಕಲಿಯುತ್ತಿದ್ದ ಶಿತಿಕಂಠನಿಗೆ ತಾನು ಕಾಯಿಸಿದ ಕಷಾಯದ ಮೇಲೆ ಎಲ್ಲಿಲ್ಲದ ಹೆಮ್ಮೆ. ಅದು ಮೈಯೊಳಗೆ ಹೊಸ ರಕ್ತನಾಳ ಹುಟ್ಟದಂತೆ ತಡೆಯುತ್ತಿತ್ತು. ರಕ್ತ ಸಿಗದ ಗಂಟುಗಳು ತಾವಾಗಿ ಬಾಡುತ್ತಿದ್ದವು. ಅದರ ಮಾತು ಬಂದರೆ ಸಾಕು, ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹೊಸದಾಗಿ ಮದುವೆಯಾಗಿದ್ದ ಹೊಂಬಾಳಮ್ಮನ ಬೆನ್ನಿನ ಗಂಟಿಗೂ ಅದನ್ನೇ ಕೊಟ್ಟ.

ಕೆಲವು ತಿಂಗಳ ಮೇಲೆ ಅವಳು ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಳು.

"ನಿಲ್ತಾ ಇಲ್ಲ, ಸ್ವಾಮಿ."

ಬೇರು ಕುಟ್ಟುತ್ತಿದ್ದ ಶಿತಿಕಂಠ ತಲೆ ಎತ್ತಲೂ ಇಲ್ಲ.

"ಗಂಟು ನಿಲ್ಲದೆ ಎಲ್ಲಿಗೆ ಹೋಗುತ್ತೆ? ಇನ್ಮೇಲೆ ಎರಡು ಹೊತ್ತೂ ಕುಡೀರಿ."

ಅವಳು ಮತ್ತೆ ಬಂದಾಗ ಅತ್ತು ಅತ್ತು ಕಣ್ಣುಗಳು ಊದಿದ್ದವು.

"ಈ ಸಲಾನೂ ನಿಲ್ಲಲಿಲ್ಲ."

ಶಿತಿಕಂಠ ದೊಡ್ಡ ಗಡಿಗೆಗೇ ಕೈಹಾಕಿದ. ಅಲ್ಲೇ ಕುಳಿತಿದ್ದ ಗುರುಗಳು ಅವನ ಕೈ ಹಿಡಿದರು.

"ಏನು ನಿಲ್ತಾ ಇಲ್ಲ, ಮಗಳೇ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಬಸಿರು, ಬುದ್ಧಿ. ಗಂಟು ಯಾವತ್ತೋ ಕರಗಿಹೋಯ್ತು."

ಶಿತಿಕಂಠ ಗಡಿಗೆಯಿಂದ ಕೈ ತೆಗೆದ. ಆದರೂ ಬಾಯಿ ಸುಮ್ಮನಿರಲಿಲ್ಲ.

"ನಾನು ಕೊಟ್ಟಿದ್ದು ಗಂಟಿಗೆ, ಗುರುಗಳೇ. ಗರ್ಭಕ್ಕೆ ಏನೂ ಕೊಟ್ಟಿಲ್ಲ."

"ಗಂಟು ಬೆಳೆಯೋಕೆ ಏನು ಬೇಕು?"

"ರಕ್ತ ಬರೋದಕ್ಕೆ ಹೊಸ ದಾರಿ."

"ಗರ್ಭಕೋಶ ತಿಂಗಳು ತಿಂಗಳೂ ಒಳಗೆ ಮೆತ್ತನೆ ಹಾಸಿಗೆ ಹಾಸುತ್ತಲ್ಲ, ಅದಕ್ಕೆ?"

ಶಿತಿಕಂಠ ಗಡಿಗೆಯತ್ತ ನೋಡಿದ.

"ಅದಕ್ಕೂ ಅದೇ."

"ಹಾಸಿಗೆ ತೆಳ್ಳಗಾದರೆ, ಬಂದ ಜೀವ ಎಲ್ಲಿ ಬೇರು ಬಿಡಬೇಕು?"

ಶಿತಿಕಂಠನ ಕಣ್ಣು ತುಂಬಿ ಬಂತು. ಎರಡು ಹೊತ್ತೂ ಕುಡಿಯಿರಿ ಎಂದವನು ತಾನೇ.

ಗುರುಗಳು ಗಡಿಗೆಯನ್ನೆತ್ತಿ ಕಷಾಯವನ್ನೆಲ್ಲ ಒಲೆಯ ಬೂದಿಗೆ ಸುರಿದರು. ಆಮೇಲೆ ಹೊಂಬಾಳಮ್ಮನ ತಲೆಯ ಮೇಲೆ ಕೈಯಿಟ್ಟರು.

"ಹೆದರಬೇಡ, ತಾಯಿ. ಗಂಟು ಹೋಗಿದೆ, ಇನ್ನು ಇದನ್ನು ಕುಡಿಯೋದು ಬೇಡ. ಹಾಸಿಗೆ ಮತ್ತೆ ಮೆತ್ತಗಾಗುತ್ತೆ. ನಿನ್ನ ಮೈಗೆ ಅದರ ಕೆಲಸ ಗೊತ್ತು."

ಅವಳು ಮೊದಲ ಸಲ ಮುಖವೆತ್ತಿ ನೋಡಿದಳು.

ಶಿತಿಕಂಠ ಆಗಲೇ ಬೇರುನಾರುಗಳ ಗಂಟು ಬಿಚ್ಚುತ್ತಿದ್ದ.

"ತಪ್ಪಾಯ್ತು, ಗುರುಗಳೇ. ಬಸಿರು ನಿಲ್ಲೋದಕ್ಕೆ ಈಗ ಏನು ಕೊಡಲಿ?"

"ಏನೂ ಕೊಡಬೇಡ. ದಾರಿ ಬಿಟ್ಟು ನಿಲ್ಲು."