ತಿಳಿಯಾಗಿದ್ದರೂ ಚೆಲ್ಲಿದ ಚೀಲ

ವಿಜಯಪುರದ ಒಂದು ಆಸ್ಪತ್ರೆಯಲ್ಲಿ ನೀಲಾಂಬಿಕಾ ಎಂಬ ಫಾರ್ಮಸಿಸ್ಟ್ ಇದ್ದರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಊಟ ತಯಾರಿಸುವುದು ಅವರ ಕೆಲಸ. ಆ ಕೂಸುಗಳಿಗೆ ಹಾಲು ಅರಗಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹಾಗಾಗಿ ಸಕ್ಕರೆ, ಪ್ರೋಟೀನ್, ಲವಣಗಳನ್ನೆಲ್ಲ ಒಂದು ಚೀಲದಲ್ಲಿ ಬೆರೆಸಿ, ಹನಿಹನಿಯಾಗಿ ರಕ್ತನಾಳಕ್ಕೇ ಬಿಡುತ್ತಾರೆ.

ಬೆರೆಸುವುದರಲ್ಲೇ ಕಷ್ಟವಿರುವುದು. ಮೂಳೆ ಬಲಿಯಲು ಕ್ಯಾಲ್ಸಿಯಂ ಬೇಕು, ಫಾಸ್ಫೇಟೂ ಬೇಕು. ಮೊದಲು ಫಾಸ್ಫೇಟ್ ಹಾಕಿ, ಚೀಲವನ್ನು ಚೆನ್ನಾಗಿ ಅಲುಗಿಸಿ, ಕ್ಯಾಲ್ಸಿಯಂ ಅನ್ನು ಕೊನೆಗೆ ಸೇರಿಸಬೇಕು. ಅವಸರ ಮಾಡಿದರೆ ಎರಡೂ ಕೂಡಿ ಹರಳುಗಟ್ಟಬಹುದು. ಕೆಲವೊಮ್ಮೆ ಹರಳು ಆಗಲೇ ಕಾಣುವುದಿಲ್ಲ, ವಾರ್ಡಿನ ಬಿಸಿಗೆ ನಿಧಾನವಾಗಿ ಮೂಡುತ್ತದೆ. ಅದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಕೂಸಿನ ಜೀವಕ್ಕೇ ಅಪಾಯ.

ಒಂದು ಬೆಳಿಗ್ಗೆ ಸಿದ್ದವ್ವ ಎಂಬ ಅಜ್ಜಿಯ ಮೊಮ್ಮಗಳಿಗಾಗಿ ನೀಲಾಂಬಿಕಾ ಚೀಲ ಬೆರೆಸುತ್ತಿದ್ದರು. ನಡುವೆ ಯಾರೋ ಬಾಗಿಲು ಬಡಿದು ಬೇರೊಂದು ಔಷಧಿ ಕೇಳಿದರು. ಉತ್ತರ ಹೇಳಿ ಬಂದು, ಕ್ಯಾಲ್ಸಿಯಂ ಸೇರಿಸಿ ಚೀಲ ಮುಚ್ಚಿದರು. ಬೆಳಕಿಗೆ ಹಿಡಿದು ನೋಡಿದರೆ ತಿಳಿಯಾಗಿಯೇ ಇತ್ತು. ಆದರೆ ಫಾಸ್ಫೇಟ್ ಹಾಕಿದ ಮೇಲೆ ಚೀಲ ಅಲುಗಿಸಿದ್ದೆನೇ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಹಾಗೇ ಕಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹೊಸದಾಗಿ ಬೆರೆಸೋಣವೆಂದರೆ ಪ್ರೋಟೀನ್ ಬಾಟಲಿ ಮುಗಿದಿತ್ತು. ನೀಲಾಂಬಿಕಾ ಚೀಲ ಹಿಡಿದು ವಾರ್ಡಿನಲ್ಲಿದ್ದ ಮಕ್ಕಳ ಡಾಕ್ಟರ್ ಮುಜಾಹಿದ್ ಅವರ ಹತ್ತಿರ ಹೋದರು.

"ಸರ್, ಈ ಚೀಲ ಕೊಡೂದು ಬ್ಯಾಡ್ರಿ."

"ಯಾಕ್ರೀ, ಕದಡೇತೇನು?"

"ಇಲ್ರೀ, ತಿಳಿ ಐತಿ. ಆದ್ರ ನಡುವ ಅಲುಗಿಸೀನೋ ಬಿಟ್ಟೀನೋ ನನಗ ನೆನಪಿಲ್ಲ. ಹೊಸಾದು ಮಾಡಾಕ ಪ್ರೋಟೀನ್ ಬಾಟಲಿನೂ ಮುಗದೈತ್ರಿ."

ಡಾಕ್ಟರು ಕೂಸಿನ ಕಡೆ ಒಮ್ಮೆ ನೋಡಿದರು. "ಸಂಜೀತನಕ ಸಕ್ಕರೆ ನೀರಿನ ಡ್ರಿಪ್ ಮ್ಯಾಲೆ ಇಡ್ತೀನಿ. ನೀವು ಇನ್ನೊಂದು ಮಾಡ್ರಿ" ಎಂದು, ಬೇರೆ ಆಸ್ಪತ್ರೆಗೆ ತಾವೇ ಫೋನ್ ಮಾಡಿ ಬಾಟಲಿ ತರಿಸಿದರು.

ನೀಲಾಂಬಿಕಾ ಹೊರಗೆ ಬಂದು ಸಿದ್ದವ್ವನ ಪಕ್ಕ ಕುಳಿತು ಎಲ್ಲವನ್ನೂ ಹೇಳಿದರು. ಸಿದ್ದವ್ವನ ಮುಖ ಬಿಗಿಯಿತು.

"ನೀರಿನಂಗ ತಿಳಿ ಐತಿ ಅಂತೀರಿ, ಮತ್ತ್ಯಾಕ ಚೆಲ್ತೀರಿ? ಕೂಸು ಉಪಾಸ ಐತಲ್ರೀ."

"ಆಯಿ, ಅದರಾಗ ತಪ್ಪಿಲ್ಲ ಅಂತ ಎದಿ ಮುಟ್ಟಿ ಹೇಳಾಕ ನನಗ ಆಗವಲ್ದು. ಅಂಥಾದ್ದು ನಿಮ್ಮ ಕೂಸಿಗೆ ಹ್ಯಾಂಗ ಏರಸ್ಲಿ?"

ಸಿದ್ದವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಹೋಗವ್ವಾ, ಸಮಾಧಾನದಿಂದ ಮಾಡು. ನಾ ಕಾಯ್ತೀನಿ" ಎಂದಳು.

ಈ ಸಲ ನೀಲಾಂಬಿಕಾ ಸಹೋದ್ಯೋಗಿಯೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಂದೊಂದನ್ನೂ ಬಾಯಿಬಿಟ್ಟು ಹೇಳುತ್ತಾ ಬೆರೆಸಿದರು. ಯಾರೂ ಬಾಗಿಲು ಬಡಿಯದಂತೆ ಡಾ. ಮುಜಾಹಿದ್ ಹೊರಗೆ ನಿಂತಿದ್ದರು. ಸಂಜೆ ಹೊತ್ತಿಗೆ ಹೊಸ ಚೀಲದಿಂದ ಹನಿ ಇಳಿಯತೊಡಗಿತು.

ಚೆಲ್ಲಿದ ಚೀಲದಲ್ಲಿ ಹರಳಿತ್ತೋ ಇಲ್ಲವೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕೂಸು ಮಾತ್ರ ದಿನೇ ದಿನೇ ಚೇತರಿಸಿಕೊಂಡು, ತಾಯಿಯ ಎದೆಹಾಲು ಕುಡಿಯುವಂತಾಯಿತು. ಮನೆಗೆ ಹೊರಡುವ ದಿನ ಸಿದ್ದವ್ವ ಫಾರ್ಮಸಿ ಹುಡುಕಿಕೊಂಡು ಬಂದು, ಮೊಮ್ಮಗಳನ್ನು ನೀಲಾಂಬಿಕಾರ ಕೈಯಲ್ಲಿ ಇಟ್ಟಳು. ಅಷ್ಟು ದಿನ ಊಟ ತಯಾರಿಸಿದ ಕೈ ಆ ಕೂಸನ್ನು ಮುಟ್ಟಿದ್ದು ಅದೇ ಮೊದಲು.

ನೀತಿ: ಯಾರೂ ನೋಡದಿರುವಾಗಲೂ ತನ್ನ ಅನುಮಾನವನ್ನು ತಾನೇ ಬಾಯಿಬಿಟ್ಟು ಹೇಳಿ, ಕೆಲಸವನ್ನು ಮತ್ತೆ ಮೊದಲಿನಿಂದ ಮಾಡುವವರ ಕೈಗೆ ಜೀವವನ್ನು ಧೈರ್ಯವಾಗಿ ಒಪ್ಪಿಸಬಹುದು.