ಹೂಂಗುಟ್ಟಿದ ವಾಡೆ

ಬೆನ್ನೂರಹಟ್ಟಿಯ ಅಗಸಿ ಬಾಗಿಲನ್ನು ದಾಟಿ ಒಳಗೆ ಬಂದರೆ ಎಡಕ್ಕೆ ಕೆಂಪು ಕಲ್ಲಿನ ದೊಡ್ಡ ವಾಡೆಯೊಂದು ಕಾಣುತ್ತದೆ. ಮಹಡಿಯ ಒಂದು ಮೂಲೆ ಕುಸಿದಿದೆ, ಬಾಗಿಲ ಕೆತ್ತನೆಯ ಗಿಳಿಗಳಲ್ಲಿ ಕೆಲವಕ್ಕೆ ಕೊಕ್ಕಿಲ್ಲ. ಆದರೂ ಗತ್ತಿಗೇನೂ ಕೊರತೆಯಿಲ್ಲ. ಕಟ್ಟಿಸಿದ ದೇಸಾಯರ ಹೆಸರು ಊರಿನಲ್ಲಿ ಯಾರಿಗೂ ನೆನಪಿಲ್ಲ, ಪಾಪ. ಕೇಳಿದರೆ ಎಲ್ಲರೂ ಇದನ್ನು ಹೂಂಗುಟ್ಟಿದ ವಾಡೆ ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಶಿವಗಂಗವ್ವನೆಂಬ ವಿಧವೆ ತನ್ನಿಬ್ಬರು ಹೆಣ್ಣುಮಕ್ಕಳೊಡನೆ ಇದ್ದಳಂತೆ. ಅತ್ತೆ ನಾಗಲವ್ವ ತೀರಿಕೊಂಡ ಮೇಲೆ ಮಹಡಿಯಲ್ಲಿ ಯಾರೋ ಓಡಾಡುವ ಸಪ್ಪಳ ಕೇಳತೊಡಗಿತು. ಆಳುಗಳು ಒಬ್ಬೊಬ್ಬರಾಗಿ ಕಾಲ್ತೆಗೆದರು. ಗಂಡನ ದಾಯಾದಿ ಅಣ್ಣನೂ ಊರಿಗೆ ಹಿರಿಯನೂ ಆದ ಬಾಳನಗೌಡ, ಈ ಪೀಡೆಯ ಮನೆಯನ್ನು ಕೆಡವಿ ಕಲ್ಲನ್ನು ಕೆರೆಯ ಏರಿಗೆ ಹಾಕುವುದೆಂದು ತೀರ್ಮಾನಿಸಿದ. ಶಿವಗಂಗವ್ವ ಮದುವಣಗಿತ್ತಿಯಾಗಿ ಕಾಲಿಟ್ಟ ಮನೆ ಅದು. ಆದರೆ ಅವಳು ಅಳುತ್ತಾ ಕೂರುವ ಹೆಣ್ಣಲ್ಲ.

“ಭಾವಾರ, ಒಂದ ಸಂಜಿ ಊರ ಮಂದಿ ಇಲ್ಲೇ ಕುಂತು ದೆವ್ವದ ಕಥಿ ಕೇಳಲಿ. ಮುಗಿಯೂತನಕ ಯಾರೂ ಏಳದಿದ್ರ ಮನಿ ಉಳೀಲಿ. ಎದ್ರ, ಮೊದಲ ಕಲ್ಲ ನಾನ ಕೀಳ್ತೀನಿ” ಎಂದಳು. ಗೌಡ ನಕ್ಕು ಒಪ್ಪಿದ.

ಆ ಸೀಮೆಯಲ್ಲಿ ಕಥೆಗೆ ಒಂದು ಕಟ್ಟಳೆಯುಂಟು. ಕೇಳುವವರಲ್ಲಿ ಒಬ್ಬರು ಮಾತುಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ಅಲ್ಲಿಗೇ ನಿಲ್ಲಬೇಕು. ಅದಕ್ಕೆಂದು ವೀಳ್ಯ ಹಿಡಿದವರು ನಡುವೆ ಏಳುವಂತಿಲ್ಲ. ಶಿವಗಂಗವ್ವ ಆ ವೀಳ್ಯವನ್ನು ನೇರವಾಗಿ ಗೌಡನ ಮುಂದೆಯೇ ಇಟ್ಟಳು. ಊರೆಲ್ಲ ನೋಡುತ್ತಿರುವಾಗ ಅವನು ಒಲ್ಲೆನೆನ್ನುವುದು ಹೇಗೆ?

ದೀಪ ಹಚ್ಚುವ ಹೊತ್ತಿಗೆ ಕಥೆ ಹೇಳುವ ಗೊಂದಲಿಗರ ತುಕ್ಕೋಜಿ ಚೌಡಿಕೆಯ ತಂತಿ ಮೀಟುತ್ತ ಶುರುಮಾಡಿದ. ಹೊಗೆಸೊಪ್ಪು ಬೇಡುವ ದೆವ್ವದ ಕಥೆಗೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲಿನದು ನಗುವ ಕಥೆಯಲ್ಲ. ನಡುರಾತ್ರಿ ಯಾರೋ ಕದ ತಟ್ಟಿದಾಗ ತುಂಬಿದ ಮನೆಯ ಸೊಸೆಯೊಬ್ಬಳು ಬಾಗಿಲು ತೆರೆಯಲು ಹೋಗುವ ಕಥೆ. ಅವಳು ಒಂದೊಂದು ಹೆಜ್ಜೆ ಇಟ್ಟಂತೆಲ್ಲ ಗೌಡನ ಹೂಂ ಸಣ್ಣದಾಗುತ್ತ ಬಂತು.

“ಬಾಗಲಾ ತಗದ್ಲು. ಹೊರಗ ಯಾರು ನಿಂತಿದ್ರು ಗೊತ್ತೇನ್ರೀ?” ಎಂದು ತುಕ್ಕೋಜಿ ಕಾದ. ಗೌಡನ ತುಟಿ ಅಲುಗಿತೇ ಹೊರತು ದನಿ ಬರಲಿಲ್ಲ. ಚೌಡಿಕೆ ನಿಂತಿತು. ಕಥೆ ಅರ್ಧಕ್ಕೇ ನಿಂತಿತು, ಇನ್ನು ಮನೆ ಹೋಯಿತೆಂದುಕೊಂಡು ಶಿವಗಂಗವ್ವ ಕಣ್ಣು ಮುಚ್ಚಿದಳು.

ಆಗ ಮಹಡಿಯ ಮೇಲಿನಿಂದ ನಿಧಾನವಾಗಿ ಕೇಳಿಸಿತು: “ಹೂಂ.”

ಮಂದಿಯ ಜೀವ ಬಾಯಿಗೆ ಬಂತು. ಕೆಲವರು ಆಗಲೇ ಮೊಣಕಾಲೂರಿ ಏಳುವುದರಲ್ಲಿದ್ದರು. ಆದರೆ ಮೂಗಿನಲ್ಲಿ ಎಳೆದ ಆ ಹೂಂ ಶಿವಗಂಗವ್ವನಿಗೆ ಹೊಸದಲ್ಲ. ಎಷ್ಟೋ ಸಂಜೆ ಕಾಳು ಹಸನು ಮಾಡುತ್ತ ಅತ್ತೆ ಕಥೆ ಕೇಳುತ್ತಿದ್ದುದು ಹಾಗೆಯೇ. ಅವಳ ಕಣ್ಣು ತುಂಬಿ ಬಂತು. ತಲೆಯೆತ್ತಿ, “ಅತ್ತೀ, ಇನ್ನಷ್ಟು ಜೋರಾಗಿ ಅನ್ರಿ. ಹೇಳಾವ್ರಿಗೆ ಕೇಳಬೇಕಲ್ಲ?” ಎಂದಳು.

“ಹೂಂ!”

ಯಾರೋ ಕಿಸಕ್ಕೆಂದರು. ಏಳಹೊರಟವರು ಮತ್ತೆ ಕುಂಡೆಯೂರಿದರು. ಕಥೆ ಕೊನೆ ಮುಟ್ಟಿತು. ಬೆವರು ಒರೆಸಿಕೊಂಡ ಬಾಳನಗೌಡ, “ಮನೀ ಹಿರೇರು ಇನ್ನೂ ಮನ್ಯಾಗ ಅದಾರ. ಕೆಡವಾಕ ನಾ ಯಾರವ್ವ?” ಎಂದನಂತೆ.

ಸುಗ್ಗಿಯ ನಂತರದ ಒಂದು ಸಂಜೆ ಅಲ್ಲಿ ಇಂದಿಗೂ ದೆವ್ವದ ಕಥೆಗಳು ನಡೆಯುತ್ತವೆ. ಕೊನೆಯ ಕಥೆಯಲ್ಲಿ ಒಮ್ಮೆ ಎಲ್ಲರೂ ಬೇಕೆಂದೇ ಸುಮ್ಮನಾಗುತ್ತಾರೆ. ಹೇಳುವವನು ಮೇಲೆ ನೋಡುತ್ತಾನೆ. ಪರವೂರಿನವರಿಗೆ ಏನೂ ಕೇಳಿಸುವುದಿಲ್ಲ. ಊರಿನ ಸೊಸೆಯಂದಿರು ಮಾತ್ರ ಮೆಲ್ಲಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾರೆ, ಕಥೆ ಮುಂದೆ ಸಾಗುತ್ತದೆ.